ಎಣ್ಣೆ ಹೀರಿದ ಹಾಳೆಗಳು

ಬಜ್ಜಿಯ ಎಣ್ಣೆ ಹೀರಿದ ಕಾಗದದ ವಾಸನೆಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ದೇಶದ ರಾಜಧಾನಿಯಲ್ಲಿ, ಆಗಿನ್ನೂ ಮೆಟ್ರೋ ತಲುಪದಿದ್ದ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ನಮ್ಮ ಜೊತೆಗಿದ್ದಳು. ಗಲಭೆಯಾದ ಗಲ್ಲಿಗಳಿಗೆ ಹೋಗಿ, ನೆರೆಯವರ ಜೊತೆ ಮತ್ತೆ ಹೇಗೆ ಮಾತು ಶುರುವಾಯಿತೆಂದು ಹೆಂಗಸರನ್ನು ಕೇಳಿ ಬರೆದುಕೊಳ್ಳುತ್ತಿದ್ದಳು. ಅವಳಿಗಿಂತ ಮೊದಲು ಯಾರೂ ಅವರನ್ನು ಕೇಳಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅಪ್ಪನ ಆಫೀಸಿನವರು ಬಂದಿದ್ದರು. ಅಪ್ಪ ಅತ್ತೆ ಬರೆದಿಟ್ಟಿದ್ದ ಹಾಳೆಗಳನ್ನೇ ತಟ್ಟೆಯಲ್ಲಿ ಹಾಸಿ ಬಜ್ಜಿ ಸುರಿದ.

“ಅಣ್ಣಾ, ಇದು ನನ್ನ ಎಂಟು ವರ್ಷದ ಕೆಲಸ!” ಅತ್ತೆ ಚೀರಿದಳು.

“ಅಚ್ಛಾ, ಹೆಂಗಸರ ಹರಟೆ ತಾನೇ? ಕೂಗಾಡ್ಬೇಡ. ಮನೇಲಿ ಶಾಂತಿ ಬೇಡ್ವಾ ನಿಂಗೆ?”

ಎಲ್ಲರೂ ನಕ್ಕರು. ಅತ್ತೆ ಬಜ್ಜಿಗಳನ್ನು ನೆಲಕ್ಕೆ ಸುರಿದು, ಹಾಳೆಗಳನ್ನು ದುಪಟ್ಟಾದಿಂದ ಒಂದೊಂದಾಗಿ ಒತ್ತಿ ಎಣಿಸಿದಳು. ಒಂದು ಕಡಿಮೆಯಿತ್ತು.

ಅದು ನನ್ನ ಮುಷ್ಟಿಯಲ್ಲಿತ್ತು. ಅದರಲ್ಲಿ ನಾನು ಕೈ ಒರೆಸಿಕೊಂಡಿದ್ದೆ.