ನುಚ್ಚು

"ಬಡೀಬ್ಯಾಡ್ರಲೇ!" ಅಕ್ಕಿ ಮಿಲ್ಲಿನ ಸಾಹುಕಾರ ಚೀರಿದ. ಅಕ್ಕಿ ಇಳಿಯುವ ಕೊಳವೆ ಕಟ್ಟಿಕೊಂಡಿತ್ತು. ಹಮಾಲರು ಸುತ್ತಿಗೆ ಎತ್ತಿದ್ದರು. "ಬಡದ್ರ ಅಕ್ಕಿ ಒಡದು ನುಚ್ಚಾಗತೈತಿ. ಇಡೀ ಕಾಳು ಹರೀತೈತಿ, ನುಚ್ಚು ಸಂದಿಗೊಂದು ಸಿಕ್ಕೊಂಡು ಕುಂದರತೈತಿ."

ಅಷ್ಟರಲ್ಲಿ ಮಿಲ್ಲಿನ ಹೆಣ್ಣಾಳುಗಳು ಗುಂಪಾಗಿ ಬಂದರು. ಮುಂದಿದ್ದ ದುರುಗವ್ವ ಕೇಳಿದಳು: "ನಮಗ ಪಾಯಖಾನಿ ಯಾವಾಗ ಕಟ್ಟಸ್ತೀರಿ?"

"ಗುಂಪು ಕಟ್ಟೀರೇನು? ನಾಳಿಂದ ಈ ಗುಂಪು ಒಡದು ನನ್ನ ಮೂರೂ ಮಿಲ್ಲಿಗೆ ಹಂಚತೀನಿ."

ಹಂಚಿದ. ವಾರದೊಳಗೆ ಮೂರೂ ಮಿಲ್ಲು ನಿಂತವು. ಎಲ್ಲ ಕಡೆ ಹೆಂಗಸರು ಬಾಗಿಲಿಗೆ ಅಡ್ಡ ಕೂತು ಪಾಯಖಾನೆ ಕೇಳುತ್ತಿದ್ದರು.

"ಏನ್ ಮಾಡಿಟ್ಟೀ ಇದು?" ಸಾಹುಕಾರ ದುರುಗವ್ವನ ಮೇಲೆ ಹರಿಹಾಯ್ದ.

ಆಕೆ ಕೂತಲ್ಲಿಂದ ಏಳಲಿಲ್ಲ.

"ಒಡದವರು ನೀವ ರೀ. ನಾವು ಸಂದಿಗೊಬ್ಬರು ಕುಂತೀವಿ, ಅಷ್ಟ."