ದಾನೇಶ್ವರಿ ನನ್ನ ಹತ್ತಿರ ಬಂದಿದ್ದಳು

ಪೂರ್ತಿ ಓದದೆ ಫಾರ್ವರ್ಡ್ ಮಾಡಬೇಡಿ... ಓದಿದ ಮೇಲೆ, ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರ ಪಕ್ಕ ಕೂತು ಇನ್ನೊಮ್ಮೆ ಓದಿ.

ನಾನು ಗದಗದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹತ್ತೊಂಬತ್ತು ವರ್ಷದ ಸರ್ವಿಸ್.

ದಾನೇಶ್ವರಿ ನನ್ನ ಹತ್ತನೇ ಕ್ಲಾಸಿನ ಹುಡುಗಿ. ಖೋ ಖೋ ಆಡಲು ನಿಂತರೆ ಹಿಡಿಯುವವರೇ ಇರಲಿಲ್ಲ... ಅವಳ ಅಪ್ಪ ಈರಪ್ಪ ಬೆಟಗೇರಿಯಲ್ಲಿ ಸೀರೆ ನೇಯುವವರು. ಮಗಳ ಮ್ಯಾಚ್ ಇದ್ದ ದಿನ ಮಗ್ಗ ನಿಲ್ಲಿಸಿ ಬಂದು ಗ್ರೌಂಡಿನ ಗೋಡೆಗೆ ಒರಗಿ ನಿಲ್ಲುತ್ತಿದ್ದರು.

ಆ ವರ್ಷ ಅವಳಿಗೆ ಇನ್‌ಸ್ಟಾದಲ್ಲಿ ಒಬ್ಬ ಹುಡುಗನ ಪರಿಚಯವಾಯಿತು. ನಾಲ್ಕು ತಿಂಗಳು ಸಿಹಿ ಸಿಹಿ ಮಾತು...

ಆಮೇಲೆ ಅವನು ಒಂದು ಫೋಟೋ ಕೇಳಿದ. ಯಾರಿಗೂ ಕಳಿಸಬಾರದಂಥ ಫೋಟೋ.

ಮೂರು ಸಲ ಆಗೋದಿಲ್ಲ ಎಂದಳು. ನಾಲ್ಕನೇ ಸಲ ಅವನು, "ನನ್ ಮ್ಯಾಲ ಇಷ್ಟ ಏನ ನಿನ್ನ ನಂಬಿಕಿ?" ಎಂದ.

ಒಮ್ಮೆ ನೋಡಿದರೆ ತಾನಾಗಿಯೇ ಅಳಿಸಿಹೋಗುತ್ತದೆ ಎಂದುಕೊಂಡು ಕಳಿಸಿದಳು. ಅವನು ಇನ್ನೊಂದು ಫೋನಿನಿಂದ ಅದರ ಫೋಟೋ ತೆಗೆದಿಟ್ಟುಕೊಂಡಿದ್ದ.

ಒಬ್ಬ ಗೆಳೆಯನಿಗೆ ಮಾತ್ರ ಕಳಿಸಿದನಂತೆ... ಆ ಒಬ್ಬ ಇನ್ನೊಬ್ಬನಿಗೆ... ನಾಲ್ಕೇ ದಿನದಲ್ಲಿ ಊರೆಲ್ಲ ಹರಡಿತು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಸ್ಟಾಫ್ ರೂಮಿಗೆ ಬಂದಳು. ನಾನೊಬ್ಬಳೇ ಇದ್ದೆ.

"ಟೀಚರ್, ನನ್ನಿಂದ ತಪ್ಪಾಗೇತ್ರಿ..." ಎಂದು ಎಲ್ಲವನ್ನೂ ಹೇಳಿದಳು. ಕೊನೆಗೆ ದನಿ ತಗ್ಗಿಸಿ, "ಪ್ರಮೋದಣ್ಣನ ಫೋನ್ಯಾಗೂ ಐತಂತ್ರಿ... ಮುಂದ ಯಾರಿಗೂ ಕಳಸಬ್ಯಾಡಂತ ಹೇಳ್ರಿ. ನಿಮ್ಮ ಮಾತು ಕೇಳ್ತಾರ" ಎಂದಳು.

ಪ್ರಮೋದ್ ನನ್ನ ಮಗ. ಆಗ ಮೊದಲ ಪಿಯುಸಿ.

ಸಂಜೆ ಅವನ ಫೋನ್ ಕಸಿದು ನೋಡಿದೆ. ಇತ್ತು... ಎರಡು ಗ್ರೂಪಿಗೆ ಅವನೇ ಕಳಿಸಿದ್ದ.

"ಎಲ್ಲಾರೂ ಕಳಸ್ಯಾರಮ್ಮ... ನಾ ಒಬ್ಬನ ಏನು?" ಎಂದ.

ಕೆನ್ನೆಗೆ ಬಾರಿಸಿದೆ. ಫೋಟೋ ಅಳಿಸಿದೆ. ಆಮೇಲೆ ನಾನು ಆಡಿದ ಮಾತು ಇದು: "ಯಾರ ಮುಂದೂ ಬಾಯಿ ಬಿಡಬ್ಯಾಡ."

ಪೊಲೀಸರಿಗೋ, ಮಕ್ಕಳ ಸಹಾಯವಾಣಿ 1098ಕ್ಕೋ ಅವತ್ತೇ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನನಗೆ ನನ್ನ ಮಗನ ಭವಿಷ್ಯವಷ್ಟೇ ಕಣ್ಣ ಮುಂದೆ ಬಂತು...

ಅಷ್ಟರಲ್ಲಿ ಫೋಟೋ ಸುದ್ದಿ ಹೆಡ್ ಮಾಸ್ತರರಿಗೂ ಮುಟ್ಟಿತ್ತು. ಸೋಮವಾರ ಅವರು ಈರಪ್ಪನವರನ್ನು ಕರೆಸಿದರು. ನಾವೆಲ್ಲ ಟೀಚರುಗಳು ಕೂತಿದ್ದೆವು. ಅಪ್ಪ ಮಗಳು ನಿಂತಿದ್ದರು.

"ಸಾಲಿ ಹೆಸರಿನ ಪ್ರಶ್ನೆ ಈರಪ್ಪ... ಟಿಸಿ ತಗೊಂಡು ಹೋಗೂದ ಚಲೋ" ಎಂದರು ಹೆಡ್ ಮಾಸ್ತರರು.

ಈರಪ್ಪ ಕೈ ಮುಗಿದು ಕೇಳಿದರು. "ಇದನ್ನ ಹಂಚಿದವ್ರು ಯಾರಂತ ನಿಮಗ್ಯಾರಿಗಾರ ಗೊತ್ತೈತೇನ್ರಿ?"

ದಾನೇಶ್ವರಿ ನನ್ನನ್ನೇ ನೋಡಿದಳು. ನಾನು ಹಾಜರಿ ಪುಸ್ತಕ ನೋಡುತ್ತಾ ಕೂತೆ.

ಅವಳು ನನ್ನ ಮಗನ ಹೆಸರು ಹೇಳಲಿಲ್ಲ...

ಒಂದು ವರ್ಷ ಕಳೆಯಿತು. ಹೊಸ ಶಾಲೆಗೆ ಸೇರಿದ ಮೂರೇ ವಾರಕ್ಕೆ ಆ ಫೋಟೋ ಅಲ್ಲಿಗೂ ಬಂತು, ಅವಳು ಓದು ಬಿಟ್ಟಳು ಎಂದು ಕೇಳಿದೆ. ಖೋ ಖೋ ಇಲ್ಲ, ಪರೀಕ್ಷೆ ಇಲ್ಲ. ಅಪ್ಪ ಮಗಳ ಮುಖ ನೋಡುವುದಿಲ್ಲವಂತೆ...

ಇನ್ನು ತಡೆಯಲಾಗಲಿಲ್ಲ. ಒಂದು ಭಾನುವಾರ ಪ್ರಮೋದನನ್ನು ಕರೆದುಕೊಂಡು ಅವರ ಮನೆಗೆ ಹೋದೆ.

"ಈರಪ್ಪನವರ, ಹಂಚಿದವರೊಳಗ ನನ್ನ ಮಗಾನೂ ಒಬ್ಬ. ದಾನೇಶ್ವರಿ ಮೊದಲ ನನ್ನ ಹತ್ರ ಬಂದು ಎಲ್ಲಾ ಹೇಳಿದ್ಲು. ನಾ ಸುಮ್ನಾದೆ."

ಅವರು ಮಗ್ಗ ನಿಲ್ಲಿಸಿದರು. "ಅಕಿ... ಬಂದು ಹೇಳಿದ್ಲಾ?"

"ಹೌದ್ರಿ."

ಕುಸಿದು ಕೂತರು. "ಒಬ್ಬರ ಮುಂದಾದ್ರೂ ಯಾಕ ಹೇಳಲಿಲ್ಲಂತ ವರ್ಷಪೂರ್ತಿ ಬೈದೇನ್ರಿ ಅಕ್ಕೋರ... ಒಂದ್ ದಿನಾನೂ ಅಕಿ ಎದುರು ಮಾತಾಡಲಿಲ್ಲ..."

ಗೋಡೆ ಹಿಡಿದು ಎದ್ದು, ಒಳಗಿನ ಬಾಗಿಲಿಗೆ ಹೋಗಿ "ದಾನವ್ವಾ... ಬಾರವ್ವಾ" ಎಂದು ಅತ್ತರು.

ಅವಳು ಬಂದಳು. ಅರ್ಧ ಆಗಿದ್ದಳು.

"ತಪ್ಪಾತು" ಎಂದ ಪ್ರಮೋದ್, ತಲೆ ಎತ್ತದೆ.

"ನಿಮ್ಮ ಫೋನ್ಯಾಗಿಂದು ಅಳಿಸೀರಿ... ಉಳಿದವ್ರೆಲ್ಲಾ ಬರ್ತಾರೇನು?" ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. "ಟೀಚರ್... ಕಳಿಸಿದ್ದು ನನ್ನ ತಪ್ಪು, ಒಪ್ಪಿದೆ. ನಿಮ್ಮ ಹತ್ರ ಬಂದು ಹೇಳಿದ್ದೂ ತಪ್ಪೇನ್ರಿ?"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಎಷ್ಟು ಕರೆದರೂ ತೆಗೆಯಲಿಲ್ಲ...

ಮರುದಿನವೇ ಪೊಲೀಸರಿಗೆ ದೂರು ಕೊಟ್ಟೆವು. ನನ್ನ ಮಗನ ಹೆಸರೂ ಅದರಲ್ಲಿದೆ. ಕೇಸು ನಡೆಯುತ್ತಿದೆ. ಹೋದ ತಿಂಗಳು ಆ ಫೋಟೋ ಮತ್ತೆ ಎಲ್ಲೋ ಬೇರೆ ಊರಿನ ಗ್ರೂಪಿನಲ್ಲಿ ಕಂಡಿತಂತೆ.

ಈಗ ಪ್ರತಿ ಕ್ಲಾಸಿನಲ್ಲೂ ಹೇಳುತ್ತೇನೆ. ಯಾರು ಎಷ್ಟೇ ಬೇಡಿದರೂ ಕಳಿಸಬೇಡಿ. ನಿಮಗೆ ಬಂದರೆ ಮುಂದೆ ದಾಟಿಸಬೇಡಿ, ಅದು ಅಪರಾಧ. ಯಾರಾದರೂ ಹೆದರಿಸಿದರೆ ಇನ್ನೊಂದು ಫೋಟೋ ಕೊಡಬೇಡಿ, ಬಂದು ಹೇಳಿ... ನಾನಿದ್ದೇನೆ.

ಮಕ್ಕಳು ತಲೆ ತಗ್ಗಿಸಿ ಕೇಳುತ್ತಾರೆ.

ಇಲ್ಲಿಯವರೆಗೆ ಒಬ್ಬರೂ ನನ್ನ ಹತ್ತಿರ ಬಂದಿಲ್ಲ. ದಾನೇಶ್ವರಿಗೆ ನಾನು ಮಾಡಿದ್ದು ಊರಿಗೆಲ್ಲ ಗೊತ್ತು...

*ನಂಬಿ ಹೇಳಲು ಬಂದ ಮಗುವಿನ ಕೈ ಒಮ್ಮೆ ಬಿಟ್ಟರೆ, ಅದು ಮತ್ತೆ ಯಾರ ಕೈಯನ್ನೂ ಹಿಡಿಯುವುದಿಲ್ಲ.*

ನಿಮ್ಮ ಮನೆಯ ಮಗುವಿಗೆ ಇವತ್ತು ಇಂಥದ್ದೊಂದು ಮಾತು ಹೇಳಬೇಕಾಗಿ ಬಂದರೆ... ಅದು ಧೈರ್ಯವಾಗಿ ನಿಮ್ಮ ಹತ್ತಿರ ಬರುತ್ತದೆಯೇ?