ಹನ್ನೊಂದನೇ ನಿಯಮ

ಬೆಳಿಗ್ಗೆ ಹತ್ತೂಕಾಲಿಗೆ ಹೇಮಾ ಬಲೆ ಬೀಸಿ ಕುಳಿತಳು. ಇನ್ನು ಮೊದಲು ಚಡಪಡಿಸಿದವನೇ ಕಳ್ಳ.

ಯಲಬುರ್ಗಾದ ಆ ಸರ್ಕಾರಿ ಕಚೇರಿಗೆ ಕೊಪ್ಪಳದಿಂದ ಫೈರ್‌ವಾಲ್ ಪೆಟ್ಟಿಗೆ ಬಂದು ಎಂಟು ದಿನವಾಗಿತ್ತು. ಯಾವ ಕಂಪ್ಯೂಟರಿನಿಂದ ಯಾವ ಆ್ಯಪ್ ಎಷ್ಟು ನೆಟ್ ತಿನ್ನುತ್ತಿದೆ ಎಂದು ಅದು ಸಾಲುಸಾಲಾಗಿ ತೋರಿಸುತ್ತಿತ್ತು. ಬೇಡದ ಆ್ಯಪ್ ಮೇಲೆ ಒಂದು ನಿಯಮ ಬರೆದರೆ ಸಾಕು, ಅದು ಬಾಗಿಲಲ್ಲೇ ನಿಲ್ಲುತ್ತಿತ್ತು. ಕಚೇರಿಯ ಕಂಪ್ಯೂಟರು, ನೆಟ್ ನೋಡಿಕೊಳ್ಳುವ ಹೇಮಾ ಹತ್ತು ನಿಯಮ ಬರೆದಿದ್ದಳು. ಸಿನಿಮಾ ನಿಂತಿತು, ರಮ್ಮಿ ನಿಂತಿತು, ಕ್ರಿಕೆಟ್ ನಿಂತಿತು. ನೆಟ್ ಮಾತ್ರ ಇನ್ನೂ ತೆವಳುತ್ತಿತ್ತು.

ಕಾರಣ, ಗುರುತು ಸಿಗದ ಒಂದು ಆ್ಯಪ್. ಮೂರು ಕಂಪ್ಯೂಟರುಗಳಿಂದ ದಿನವಿಡೀ ಹರಿಯುತ್ತಿತ್ತು. ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಹೆಚ್ಚು. ಒಂದು, ಗುಮಾಸ್ತ ತಿರುಮಲೇಶನದು; ಇನ್ನೊಂದು ಟಪಾಲು ನೋಡುವ ಹುಲಗೆಮ್ಮನದು. ಮೂರನೆಯದು ಅಧೀಕ್ಷಕ ಪಂಪಣ್ಣನವರದು. ಅವರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುವ ಮನುಷ್ಯ. ಅವರ ಕಂಪ್ಯೂಟರನ್ನು ಬೇರೆ ಯಾರೋ ಬಳಸುತ್ತಿರಬೇಕು ಎಂದು ಹೇಮಾ ತೀರ್ಮಾನಿಸಿದ್ದಳು.

ತಿರುಮಲೇಶನ ಮೇಲಂತೂ ಅವಳಿಗೆ ಸಂಶಯವೇ ಇರಲಿಲ್ಲ. ಹೋದ ವಾರ ಅವನು ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಪರದೆ ನೋಡುತ್ತ ಯಾರಿಗೋ ಹೇಳುತ್ತಿದ್ದ:

"ಇನ್ನೂ ಕೆಳಗ ಹೋಗವಾ. ಹಾಂ, ಎಡಕ್ಕ. ಈಗ ಒತ್ತು."

"ಎಷ್ಟನೇ ಲೆವೆಲ್ಲಿಗೆ ಬಂದ್ರಿ ತಿರುಮಲೇಶ?" ಎಂದು ಹೇಮಾ ಎಲ್ಲರಿಗೂ ಕೇಳಿಸುವಂತೆ ಕೇಳಿದ್ದಳು. ಅವನು ಕೆಂಪಾಗಿ ಫೋನ್ ಇಟ್ಟಿದ್ದ.

ಹುಲಗೆಮ್ಮ ಇನ್ನೊಂದು ಬಗೆ. ಅಕ್ಷರ ದೊಡ್ಡದು ಮಾಡುವುದು ಹೇಗೆಂದು ಒಮ್ಮೆ ಹೇಮಾಳ ಮೇಜಿಗೆ ಬಂದಿದ್ದಳು. "ಮೂರನೇ ಕ್ಲಾಸಿನ ಹುಡುಗೂರಿಗೂ ಬರ್ತೈತ್ರಿ ಇದು" ಎಂದು ಹೇಮಾ ನಕ್ಕಿದ್ದಳು. ಹುಲಗೆಮ್ಮ ಮತ್ತೆ ಆ ಕಡೆ ಸುಳಿಯಲಿಲ್ಲ. ಕೇಳಿ ಕಲಿಯುವಷ್ಟೂ ಆಸೆಯಿಲ್ಲದ ಜನ. ತಿಂಗಳ ಸಂಬಳ ಮಾತ್ರ ತಪ್ಪದೆ ಬರಬೇಕು.

ಹೇಮಾಳದ್ದು ಹಾಗಲ್ಲ, ಗುತ್ತಿಗೆ ಕೆಲಸ. ಮುಂದಿನ ವರ್ಷವೂ ಇವಳನ್ನೇ ಇಟ್ಟುಕೊಳ್ಳಬೇಕೆಂಬ ಪಂಪಣ್ಣನವರ ಶಿಫಾರಸು ಅಂದೇ ಸಂಜೆ ಐದರೊಳಗೆ ಜಿಲ್ಲೆಯ ಜಾಲತಾಣ ಸೇರಬೇಕಿತ್ತು, ಅದೂ ಕಚೇರಿಯ ಲೈನಿನಿಂದ ಮಾತ್ರ. ಸೇರದಿದ್ದರೆ ಅವಳ ಕುರ್ಚಿ ಖಾಲಿ. ನಾಲ್ಕು ಸಲ ನೆನಪಿಸಿದ್ದಳು. "ಇವತ್ತ ಕಳಸ್ತೀನ್ರೀ, ಚಿಂತಿ ಬಿಡ್ರಿ" ಎಂದಿದ್ದರು ಪಂಪಣ್ಣ.

ಹನ್ನೊಂದನೇ ನಿಯಮವನ್ನು ಅವಳು ಎಚ್ಚರದಿಂದಲೇ ಬರೆದಿದ್ದಳು. ಸರ್ಕಾರಿ ಜಾಲತಾಣಗಳೆಲ್ಲ ತೆರೆದೇ ಇರಲಿ, ಗುರುತಿಲ್ಲದ್ದು ಮುಚ್ಚಲಿ. ಆಮೇಲೆ ಎದ್ದು ನಿಂತು ಎಲ್ಲರಿಗೂ ಒಂದು ಸುಳ್ಳು ಹೇಳಿದಳು.

"ಇವತ್ತ ಲೈನಿನ ಕೆಲಸ ನಡದೈತ್ರಿ. ಏನರ ನಿಂತ್ರ ಗದ್ದಲ ಮಾಡಬ್ಯಾಡ್ರಿ. ಐದಕ್ಕ ಸರಿ ಆಗ್ತೈತಿ."

ಕೆಲಸ ಮಾಡುವವರಿಗೆ ಏನೂ ನಿಲ್ಲುವುದಿಲ್ಲ. ಚಟವಿದ್ದವರು ಐದರವರೆಗೆ ತಡೆಯುವುದಿಲ್ಲ.

ಹನ್ನೊಂದಕ್ಕೆ ತಿರುಮಲೇಶ ಮೌಸ್ ಎತ್ತಿ ಕೆಳಗೇನಿದೆ ಎಂದು ನೋಡಿದ. ಫೋನ್ ಹಿಡಿದು ಹೊರಗೆ ಹೋದ, ಬಂದ, ಮತ್ತೆ ಹೋದ. ಹುಲಗೆಮ್ಮ ಅದೇ ನಾಲ್ಕು ಟಪಾಲುಗಳನ್ನು ಮೂರು ಸಲ ಜೋಡಿಸಿದಳು. ಹೇಮಾ ಇಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡಳು.

ಮೂರು ಗಂಟೆಗೆ ಪಂಪಣ್ಣನವರೇ ಅವಳ ಮೇಜಿನ ಬಳಿ ಬಂದು ನಿಂತರು.

"ಮೇಡಂ, ಆ ಲೈನು..."

"ಐದಕ್ಕ ಸರ್."

"ಐದರ ಒಳಗೋ, ಐದು ಹೊಡದ ಮ್ಯಾಲೋ?"

ಹೇಮಾಳಿಗೆ ತಡೆಯಲಾಗಲಿಲ್ಲ. ತುಟಿ ತಾನಾಗಿ ನಗೆಗೆ ಅಗಲವಾಯಿತು. ಒಂದು ಬೆರಳಿನ ಮನುಷ್ಯನಿಗೂ ಚಟ.

"ಯಾಕ್ರಿ ಸರ್? ಸರ್ಕಾರಿ ಕೆಲಸ ಯಾವುದೂ ನಿಂತಿಲ್ಲಲ್ಲ. ನಿಮಗ ಏನರ ಬ್ಯಾರೆ ಅರ್ಜೆಂಟ್ ಇತ್ತೇನು?"

ಅವರು ಅವಳ ಮುಖವನ್ನೊಮ್ಮೆ ನೋಡಿದರು. "ಏನಿಲ್ಲ ಬಿಡ್ರಿ" ಎಂದು ಹೊರಟುಹೋದರು.

ಚೀಟಿಗೆ ಮೂರನೆಯ ಹೆಸರು ಸೇರಿತು. ಆದರೆ ಹೇಮಾ ದಡ್ಡಿಯಲ್ಲ. ಶಿಫಾರಸು ಹೋಗುವವರೆಗೆ ತುಟಿ ಬಿಚ್ಚಬಾರದು. ಅದು ಕೊಪ್ಪಳ ಮುಟ್ಟಲಿ, ಹಿಂದೆಯೇ ಚೀಟಿಯೂ ಮುಟ್ಟುತ್ತದೆ.

ಐದೂ ಐದಕ್ಕೆ ಅವಳು ಪಂಪಣ್ಣನವರ ಕೋಣೆಗೆ ಹೋದಳು. ತಿರುಮಲೇಶ, ಹುಲಗೆಮ್ಮ ಇಬ್ಬರೂ ಅಲ್ಲೇ ಗೋಡೆಗೆ ಆತು ನಿಂತಿದ್ದರು. ಯಾರೂ ತಲೆಯೆತ್ತಲಿಲ್ಲ.

"ಸರ್, ನಂದು ಹೋತಲ್ರಿ?"

ಪಂಪಣ್ಣ ಪರದೆಯನ್ನು ಅವಳ ಕಡೆ ತಿರುಗಿಸಿದರು. ಅವಳ ಹೆಸರು, ಹುದ್ದೆ, ಎರಡು ಸಾಲು ಹೊಗಳಿಕೆ. ಮೂರನೆಯ ಸಾಲು ಅರ್ಧಕ್ಕೇ ನಿಂತಿತ್ತು. ಅದರ ಮೇಲೆ ಕೆಂಪು ಪಟ್ಟಿ: ಅವಧಿ ಮುಗಿದಿದೆ.

ಹುಲಗೆಮ್ಮನೇ ಬಾಯಿ ಬಿಟ್ಟಳು. "ನಮಗ ಮೂವರಿಗೂ ಈ ಕಂಪ್ಯೂಟರ್ ಬರೂದಿಲ್ಲವ್ವ. ಬಸ್‌ಸ್ಟ್ಯಾಂಡ್ ಹತ್ರ ಆನ್‌ಲೈನ್ ಸೆಂಟರ್ ಇಟ್ಟಾಳಲ್ಲ ಅತೀಯಾ, ಆಕಿ ಒಂದು ಆ್ಯಪ್ ಹಾಕ್ಕೊಂಡು ಅಲ್ಲೇ ಕುಂತು ಇಲ್ಲಿನ ಮೂರೂ ಕಂಪ್ಯೂಟರ್ ನಡಸ್ತಾಳ. ನಾವು ಫೋನಿನಾಗ ಹೇಳ್ತೀವಿ, ಆಕಿ ಬರೀತಾಳ. ನಿಂದೂ ಮುಂಜಾನಿ ಬರ್ಯಾಕ ಹತ್ತಿದ್ಲು. ಹತ್ತೂಕಾಲಿಗೆ ಕಡದುಹೋತು. ಐದಕ್ಕ ಸರಿ ಆಗ್ತೈತಂತ ನೀನ ಅಂದಿದ್ದಿ, ಕಾದ್ವಿ."

ಹೇಮಾ ಪಂಪಣ್ಣನವರ ಕಡೆ ತಿರುಗಿದಳು.

"ಐದು ನಿಮಿಷದ ಕೆಲಸ ಇತ್ತು ಸರ್. ನನಗ ಒಂದು ಮಾತು ಕೇಳಿದ್ರ ನಾನ ಬರದುಕೊಡ್ತಿದ್ನಿ. ಯಾಕ ಕೇಳಲಿಲ್ಲ?"

"ಕೇಳಬೇಕಂತನ ಮೂರಕ್ಕ ಬಂದಿದ್ನಿ, ಮೇಡಂ," ಎಂದರು ಪಂಪಣ್ಣ. "ನೀವು ಅಷ್ಟರಾಗ ನಗಾಕ ಹತ್ತಿದ್ರಿ."